ಬೀದಿಗೆ ಅಡ್ಡ ಬಿಗಿದ ಹಗ್ಗ

"ಹಗ್ಗ ಬಿಚ್ಚು, ಮುದುಕಿ!" ದಳವಾಯಿ ಗದರಿದ.

ಬೀದಿಯ ಈ ಕಂಬದಿಂದ ಆ ಕಂಬಕ್ಕೆ ಹಗ್ಗ ಬಿಗಿದು, ಅದನ್ನು ಹೊಸೆದವಳೇ ಮುಂದೆ ನಿಂತಿದ್ದಳು. ಎದುರಿಗೆ ಪ್ರಭುವಿನ ಪಲ್ಲಕ್ಕಿ. ಊರಿಗೆ ಊರೇ ಕಟ್ಟಳೆಯಂತೆ ಗೋಡೆಗೆ ಮುಖ ಮಾಡಿತ್ತು. ಪ್ರಭುವನ್ನು ನೋಡಿದವರ ಕಣ್ಣು ಉಳಿಯುತ್ತಿರಲಿಲ್ಲ.

"ಬಿಚ್ಚಲ್ಲ," ಎಂದಳು. "ಹೋದ ಸಲ ಪಲ್ಲಕ್ಕಿ ಹೊರೋಕೆ ಅಂತ ನನ್ನ ಮಗನ್ನ ಬಿಟ್ಟಿ ಎಳ್ಕೊಂಡು ಹೋದ್ರಿ. ಮುಂದಿನ ಊರಿಗೆ ಮುಟ್ಟಿಸಿ ವಾಪಸ್ ಬರೋದು ತಾನೇ ಪದ್ಧತಿ? ಮಿಕ್ಕವರೆಲ್ಲ ಬಂದ್ರು. ಅವನೆಲ್ಲಿ?"

ದಳವಾಯಿ ಪಲ್ಲಕ್ಕಿಯ ಪರದೆಗೆ ಅಂಟಿಕೊಂಡೇ ನಿಂತಿದ್ದ. ಅವನ ಈಟಿಯವರು ಜನರಿಗೆ ಬೆನ್ನು ಹಾಕಿ, ಪರದೆಯನ್ನೇ ಕಾಯುತ್ತಿದ್ದರು.

"ಚೆನ್ನಾಗಿದ್ದಾನಮ್ಮಾ," ಅವನು ದನಿ ತಗ್ಗಿಸಿದ. "ಅರಮನೆಗೆ ಬೇಕಾದವನು. ಹೊರೋ ಕೆಲಸ ತಪ್ಪಿದೆ. ಕೂತು ಉಣ್ಣೋ ಕೆಲಸ."

"ಅವನಾ? ಕೂತ ಕಡೆ ಕೂರೋ ಪೈಕಿಯಲ್ಲ ಅವನು. ಒಳಗಿರೋರೇ ಹೇಳಲಿ."

"ಪ್ರಭುಗಳು ಮಾತಾಡಲ್ಲ. ಚಳಿಗಾಲದಿಂದ ಗಂಟಲು ಕಟ್ಟಿದೆ."

"ಅರಮನೆಯಲ್ಲಿ ಬಿಸಿನೀರಿಗೂ ಗತಿಯಿಲ್ವಾ? ಬದುಕಿದ್ದಾರೆ ತಾನೇ?"

ಗೋಡೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ದಳವಾಯಿಯ ಮುಖ ಕಪ್ಪಿಟ್ಟಿತು. ಪರದೆಯನ್ನು ತಟ್ಟಿದ. ಕೈಯೊಂದು ಹೊರಗೆ ಬಂತು. ಅಂಥ ಬಿಸಿಲಿನಲ್ಲೂ ಮೊಣಕೈಯವರೆಗೆ ಜರಿಯ ಕೈಗವಸು, ಅದರ ಮೇಲೆ ಮುದ್ರೆಯುಂಗುರ.

"ನೋಡ್ಕೋ. ಸಾಕಲ್ಲ? ದಾರಿ ಬಿಡು."

ಹೋಗೆಂದು ಬೀಸಬೇಕಾಗಿದ್ದ ಕೈ ಬೀಸಲಿಲ್ಲ. ಅವಳತ್ತಲೇ ಚಾಚಿಕೊಂಡಿತು. ದಳವಾಯಿ ಅದನ್ನು ಒಳಗೆ ತಳ್ಳಿದ.

"ಇನ್ನೊಂದು ಮಾತಾಡಿದ್ರೆ ನೇಣು!"

"ಹಾಕಪ್ಪ. ಹಗ್ಗ ನಾನೇ ಕೊಡ್ತೀನಿ, ಗಟ್ಟಿ ಮಾಲು. ನನ್ನ ಮಗ ಎಲ್ಲಿ ಅಂತ ಮೊದಲು ಹೇಳು."

ಪಲ್ಲಕ್ಕಿ ಹೊತ್ತವರೂ ಪಕ್ಕದೂರಿನಿಂದ ಬಿಟ್ಟಿ ಹಿಡಿದು ತಂದವರೇ. ಮುಂದಿದ್ದವನು ಮೊದಲು ಹೆಗಲು ತಗ್ಗಿಸಿದ. ಉಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಲ್ಲಕ್ಕಿ ನೆಲ ಮುಟ್ಟಿತು.

"ಎತ್ತ್ರೋ!" ದಳವಾಯಿ ಕಿರುಚಿದ.

ಯಾರೂ ಎತ್ತಲಿಲ್ಲ. ಒಳಮುಖವಾಗಿದ್ದ ಈಟಿಗಳು ಅವಳತ್ತ ತಿರುಗುವಷ್ಟರಲ್ಲಿ ಅವಳು ನುಗ್ಗಿ ಪರದೆಯನ್ನು ಕಿತ್ತೆಳೆದಳು. ಒಳಗೆ ಬಗ್ಗಿ ನೋಡಿದಳು. ಆಮೇಲೆ ಊರಿನತ್ತ ತಿರುಗಿ, ಎಲ್ಲ ಗೋಡೆಗಳಿಗೂ ಕೇಳುವಂತೆ ಕೂಗಿದಳು:

"ಈ ಕಡೆ ತಿರುಗಿ, ಎಲ್ಲರೂ ನೋಡಿ!"

ಮತ್ತೆ ಪಲ್ಲಕ್ಕಿಯೊಳಗೆ ಬಗ್ಗಿ, ಅಳುತ್ತ ಕೂತಿದ್ದ ಪ್ರಭುವಿನ ತಲೆಯಿಂದ ಕಿರೀಟ ತೆಗೆದು ಎಸೆದಳು. "ಏಳು ಮಗನೇ, ಮನೆಗೆ ಹೋಗೋಣ."