ಮೀನು ಕೇಳಲು ಬಂದ ಭಾವ

ಬಾಗಿಲು ತೆಗೆದ ಭಾಮೈದನಿಗೆ ಮೊದಲು ಕಂಡದ್ದು ಒಂದು ದೊಡ್ಡ ಪ್ಲಾಸ್ಟಿಕ್ ಟಬ್ಬು. ಅದರ ಹಿಂದೆ, ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದ ಅಕ್ಕನ ಗಂಡ ನಿಂತಿದ್ದ.

“ನನ್ನ ಮೀನು ಕೊಡು,” ಎಂದ ಭಾವ.

“ಒಳಗೆ ಬನ್ನಿ ಭಾವ. ಅಕ್ಕನಿಗೆ ಹೇಳಿ ಬಂದ್ರಾ?”

“ಟಬ್ಬು ಕೊಟ್ಟಿದ್ದೇ ಅವಳು. ಫೋನಲ್ಲಿ ನೀನೇ ಹೇಳಿದ್ಯಲ್ಲ, ಹಳದಿ ಮೈ, ಕಪ್ಪು ಪಟ್ಟೆ, ಗುಂಪು ಗುಂಪಾಗಿ ಬಂದಿವೆ ಅಂತ? ಅವು ನನ್ನವು.”

ಭಾವನದು ದಕ್ಷಿಣದ ಬೆಚ್ಚನೆಯ ಕಡಲಲ್ಲಿ ಗಾಜಿನ ತಳದ ದೋಣಿ. ಪ್ರವಾಸಿಗರನ್ನು ಹವಳದ ದಿಬ್ಬದ ಮೇಲೆ ಕರೆದೊಯ್ದು, ಕಾಲಡಿಯ ಮೀನುಗಳ ಪರಿಚಯ ಮಾಡಿಕೊಡುವುದೇ ಅವನ ಬದುಕು. ಈ ಸೊಟ್ಟಮೂತಿ ಅತ್ತೆ, ಮೂಲೆಯಲ್ಲಿ ಮುನಿಸಿಕೊಂಡವಳು ಸೊಸೆ, ಕಲ್ಲಿನ ಸಂದಿಯಲ್ಲಿ ಅಡಗಿದವನು ಮನೆ ಅಳಿಯ ಎನ್ನುತ್ತಿದ್ದರೆ ಜನ ಬಿದ್ದು ಬಿದ್ದು ನಗುತ್ತಿದ್ದರು. ಬೇಸಿಗೆಯಿಂದ ಬೇಸಿಗೆಗೆ ನೀರು ಕಾದು ಹವಳ ಸುಣ್ಣದಂತೆ ಬೆಳ್ಳಗಾಯಿತು. ಅತ್ತೆ, ಸೊಸೆ, ಅಳಿಯ ಎಲ್ಲರೂ ನಾಪತ್ತೆ. ಮೊನ್ನೆ ಒಬ್ಬ ಅಜ್ಜಿ ಗಾಜಿನಲ್ಲಿ ಇಣುಕಿ, “ಯಾರೂ ಮನೇಲಿಲ್ವಾ?” ಎಂದು ಕೇಳಿದ್ದಳು. ಆ ಮಾತು ಭಾವನ ಎದೆಗೆ ನಾಟಿತ್ತು.

ಭಾಮೈದ ಉತ್ತರದ ತಣ್ಣನೆಯ ಕೊಲ್ಲಿಯಲ್ಲಿ ಏಡಿ ಹಿಡಿಯುವವನು. ಬೂದಿ ಬಣ್ಣ ಬಿಟ್ಟು ಬೇರೆ ಬಣ್ಣವನ್ನು ಆ ನೀರು ಕಂಡೇ ಇರಲಿಲ್ಲ, ಇತ್ತೀಚಿನವರೆಗೆ.

“ಅವು ನಿಮ್ಮ ಮೀನೇ ಅಲ್ಲ ಭಾವ. ಮರಿಗಳು ಧೂಳಿನಷ್ಟು ಸಣ್ಣಕ್ಕಿರುವಾಗ ತೇಲ್ಕೊಂಡು ಬರ್ತವೆ. ಮೊದಲೂ ಬರ್ತಿದ್ವು, ಚಳಿಗೆ ಸತ್ತು ಹೋಗ್ತಿದ್ವು. ಈಗ ನಮ್ಮ ನೀರೂ ಬೆಚ್ಚಗಾಗಿದೆ, ಬದುಕ್ಕೊಂಡಿವೆ.”

“ಮರಿಗಳಾದ್ರೆ ಇನ್ನೂ ಒಳ್ಳೇದಾಯ್ತು. ಮೊಮ್ಮಕ್ಕಳ ಮೇಲೆ ನನಗೆ ಹಕ್ಕಿಲ್ವಾ?”

ಭಾಮೈದ ಹುಟ್ಟು ಎತ್ತಿಕೊಂಡ. ಇಬ್ಬರೂ ಏಡಿ ಹಿಡಿಯುವ ದೋಣಿ ಹತ್ತಿದರು. ನಡುವೆ ಟಬ್ಬು ಗತ್ತಿನಿಂದ ಕೂತಿತು.

ಬಂಡೆಯ ಹತ್ತಿರ ಭಾವ ಈಜುಗನ್ನಡಕ ಏರಿಸಿ ತಲೆಯನ್ನು ನೀರಿಗೆ ಅದ್ದಿದ. ಅದ್ದಿದವನೇ ಕೂಗಿದ. ನೀರೊಳಗೆ ಕೂಗಿದ್ದರಿಂದ ಹೊರಗೆ ಬರೀ ಗುಳುಗುಳು ಕೇಳಿಸಿತು. ಸಾಕಷ್ಟು ಉಪ್ಪುನೀರು ಕುಡಿದು ಮೇಲೆದ್ದು, “ಅತ್ತೆ ಕಣೋ! ಅದೇ ಸೊಟ್ಟಮೂತಿ!” ಎಂದು ಮತ್ತೆ ಬಾಗಿದ. ಈ ಸಲ ತಲೆಯ ಹಿಂದೆಯೇ ಇಡೀ ಮೈ ಹೋಯಿತು, ಟಬ್ಬಿನ ಸಮೇತ.

ಭಾಮೈದ ಹುಟ್ಟು ಚಾಚುವಷ್ಟರಲ್ಲಿ ಭಾವ ಒಂದು ಕಿವಿ ಹಿಡಿದುಕೊಂಡು ತಾನೇ ಮೇಲೆ ಬಂದ.

“ಕಚ್ಚಿಬಿಟ್ಟ!”

“ಯಾರು?”

“ಮಾವ. ಆ ಅತ್ತೆ ಗಂಡ. ಬಂಡೆ ತುಂಬ ಮೊಟ್ಟೆ. ಪಕ್ಕದಲ್ಲೇ ಕಾವಲು ನಿಂತಿದ್ದಾನೆ. ನನ್ನ ಮುಖ ನೋಡಿಯೂ ಕಚ್ಚಿದ.”

“ಗುರುತು ಸಿಕ್ಕಿರಲ್ಲ ಭಾವ. ಕನ್ನಡಕ ಹಾಕಿದ್ರಲ್ಲ.”

ತೇಲಿ ಹೋಗುತ್ತಿದ್ದ ಟಬ್ಬನ್ನು ಹುಟ್ಟಿನಿಂದ ಎಳೆದುಕೊಂಡು ಭಾಮೈದ ಕೇಳಿದ, “ಹಿಡಿಯೋಣ್ವಾ?”

ಭಾವ ದೋಣಿ ಹತ್ತಿ ಅಂಚಿನಿಂದ ಕೆಳಗೆ ನೋಡಿದ. ನೀರಿನಾಳದಲ್ಲಿ ಹಳದಿ ಮಿಂಚು ಅತ್ತಿಂದಿತ್ತ ಓಡಾಡುತ್ತಿತ್ತು. ಅವನ ಗಲ್ಲದಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರಲ್ಲಿ ಕಡಲ ನೀರೆಷ್ಟು, ಅವನದೆಷ್ಟು ಎಂದು ಭಾಮೈದ ವಿಚಾರಿಸಲಿಲ್ಲ.

“ಬೇಡ ಬಿಡು. ಬಾಣಂತನದ ಮನೆಯಿಂದ ಯಾರನ್ನಾದ್ರೂ ಎಳ್ಕೊಂಡು ಹೋಗ್ತಾರಾ?”

ದೋಣಿ ದಡದತ್ತ ತಿರುಗಿತು. ಭಾವ ಕೈಯನ್ನು ನೀರಿಗಿಳಿಸಿ ಹಾಗೇ ಬಿಟ್ಟಿದ್ದ.

“ನಿನ್ನ ನೀರೂ ಅಷ್ಟೇನೂ ತಣ್ಣಗಿಲ್ವಲ್ಲೋ.”

“ವರ್ಷ ವರ್ಷ ಏರ್ತಾನೇ ಇದೆ.”

“ಇದೂ ಕಾದು ಹೋದ್ರೆ ಇವರೆಲ್ಲ ಎಲ್ಲಿಗೆ ಹೋಗ್ಬೇಕು?”

“ಇನ್ನೂ ಉತ್ತರಕ್ಕೆ. ಅಲ್ಲಿ ನನ್ನ ಷಡ್ಡಕ ಇದ್ದಾನೆ. ಒಳ್ಳೆಯವನು, ನೋಡ್ಕೋತಾನೆ.”

“ಅದರಾಚೆ?”

ಭಾಮೈದ ಹುಟ್ಟು ಹಾಕುವುದನ್ನು ನಿಲ್ಲಿಸಿದ. ಉತ್ತರದ ಕಡೆ ಕಣ್ಣು ಕಿರಿದು ಮಾಡಿ, ಬಂಧುಬಳಗವನ್ನೆಲ್ಲ ಮನಸ್ಸಿನಲ್ಲೇ ತಡಕಾಡಿದ.

“ಅದರಾಚೆ ನಮ್ಮೋರು ಅಂತ ಯಾರೂ ಇಲ್ಲ ಭಾವ.”