ಹೇನು ನೋಡುವ ಕಣ್ಣು

ಮರುದಿನ ಗಂಡ ಕರೆದೊಯ್ಯಲು ಬರುವವನಿದ್ದ. ಬಾಯಿಬಿಟ್ಟು ಏನೂ ಹೇಳಲಾರದ ನೀಲವ್ವ, ಹೇನಿನ ನೆಪ ಮಾಡಿ ತಾಯಿಯ ಮುಂದೆ ಕೂದಲು ಬಿಚ್ಚಿ ಕುಳಿತಳು. ನೆತ್ತಿಯ ಹಿಂದೆ ಅವನು ತಂಬಿಗೆಯಿಂದ ಹೊಡೆದ ಗಾಯದಿಂದ ಇನ್ನೂ ಕೀವು ಸೋರುತ್ತಿತ್ತು. ಅದನ್ನು ಒಮ್ಮೆ ಕಂಡರೆ ಸಾಕು, ಅವ್ವ ತನ್ನನ್ನು ಕಳಿಸಲಾರಳು.

"ಥೂ, ಜ್ವಾಳಕ್ಕ ನುಸಿ ಹತ್ತಿಧಂಗ ಹತ್ಯಾವಲ್ಲ! ಗಂಡನ ಮನ್ಯಾಗ ತಲಿ ಮ್ಯಾಲ ನೀರ ಬೀಳೂದಿಲ್ಲೇನ?" ಎಂದು ಬೈಯುತ್ತ ಅವ್ವ ಹೇನುಗಳನ್ನು ಒಂದೊಂದಾಗಿ ಎಳೆದು ಉಗುರಿನ ಮೇಲೆ ಚಟ್ಟೆಂದು ಕುಕ್ಕಿದಳು. ಕರಿಗೂದಲೊಳಗಿನ ಕರಿಹೇನು, ಕೂದಲಿಗಂಟಿದ ಸೀರು, ಯಾವುದೂ ಅವಳ ಕಣ್ಣಿನಿಂದ ತಪ್ಪಿಸಿಕೊಳ್ಳಲಿಲ್ಲ. ಬೆರಳುಗಳು ಗಾಯದ ಅಂಚಿಗೆ ಬಂದವು, ಸುತ್ತು ಹಾಕಿ ಮುಂದೆ ಹೋದವು. ಮತ್ತೆ ಬಂದವು, ಮತ್ತೆ ಹಾಗೆಯೇ ಹೋದವು.

"ಮುಗೀತ ನೋಡು. ನಾಳೆ ಅಳಿಯಂದ್ರ ಮುಂದ ತಲಿ ಕೆರಕೋಬ್ಯಾಡ."

ನೀಲವ್ವ ಹೊರಳಿ ಅವ್ವನ ಮುಖ ನೋಡಿದಳು. "ಯವ್ವಾ, ಹೇನ ಬಿಟ್ಟು ಬ್ಯಾರೆ ಏನೂ ಕಾಣಲಿಲ್ಲೇನ ನಿನಗ?"

ಅವ್ವ ಸೆರಗಿಗೆ ಕೈ ಒರೆಸಿಕೊಂಡಳು.

"ನನ್ನ ತಲಿ ನೋಡುವಾಗ ನಮ್ಮವ್ವಗೂ ಬರೇ ಹೇನ ಕಾಣತಿದ್ವು."