ಸುಮ್ಮನಿರಬೇಕಾದ ಅಕ್ಷರಗಳು

ತಪ್ಪು ತಿಳಿಯಬೇಡಿ, ಲ್ಯಾಟಿನ್ ಬಾರದ ನಾನು ಆ ಭಾಷೆಯ ಒಂದು ಶಬ್ದದ ಕಥೆ ಹೇಳಲು ಹೊರಟಿದ್ದೇನೆ. ಬೆಳಗಾವಿಯ ಸಂಜೆ ಇಂಗ್ಲಿಷ್ ತರಗತಿಯಲ್ಲಿ ಕೇಳಿದ್ದಷ್ಟೇ ನನಗೆ ಗೊತ್ತು.

ಮಹಾನಂದಾ ನಮ್ಮ ಜೊತೆ ಕಲಿಯುತ್ತಿದ್ದಳು. ಅವಳ ಗಂಡ ಗಡಿಯಲ್ಲಿ ಸೈನ್ಯದ ಸಂದೇಶ ದಳದ ಸಿಪಾಯಿ. ಕೆಲವು ದಿನಗಳಿಂದ ಅವನ ಫೋನ್ ಬಂದಿರಲಿಲ್ಲ. ಅಂದು ಅವಳು ಎದ್ದು ನಿಂತು, ಬರೆದು ತಂದಿದ್ದ ಇಂಗ್ಲಿಷ್ ವಾಕ್ಯ ಓದಿದಳು: ನನ್ನ ಗಂಡ ಸಿಗ್ನಲ್ ಕಾರ್ಪ್ಸ್‌ನಲ್ಲಿದ್ದಾರೆ.

ಮಾಸ್ತರರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏನವಾ, ಕಾರ್ಪ್ಸ್ ಅಂದ್ರ ಹೆಣ. ಗಂಡನ್ನ ಹೆಣಾ ಮಾಡಿಬಿಟ್ಟೆಲ್ಲ!"

ನಾವೂ ನಕ್ಕೆವು. ಅವಳ ಕಣ್ಣು ತುಂಬಿತು.

"ಅಳಬ್ಯಾಡ, ಕೇಳು. ಲ್ಯಾಟಿನ್‌ದಾಗ ಕಾರ್ಪಸ್ ಅಂದ್ರ ಮೈ. ಫ್ರೆಂಚರ ಬಾಯಾಗ ಅದು ಸವದು ಕೋರ್ ಆತು. ಇಂಗ್ಲಿಷರು ಎರಡು ಸಲ ತಗೊಂಡ್ರು, ದಂಡಿಗೊಂದು, ಹೆಣಕ್ಕೊಂದು. ಬರಿಯೂ ಮುಂದ ಎರಡರಾಗೂ ಪಿ, ಎಸ್ ಇರ್ತಾವ. ಅವು ಸುಮ್ಮನಿದ್ರ ದಂಡು, ನಿನ್ನ ಗಂಡ ಜೀವಂತ. ಅವಕ್ಕ ಬಾಯಿ ಬಿಡಿಸಿದೆಂದ್ರ ಹೆಣ. ಅನ್ನು, ಕೋರ್."

"ಕೋರ್," ಎಂದಳು. ಕಣ್ಣೊರೆಸಿಕೊಂಡು ಮತ್ತೆ ಮತ್ತೆ ಅಂದಳು.

ಅಷ್ಟರಲ್ಲಿ ಸಮವಸ್ತ್ರದ ಸಿಪಾಯಿಯೊಬ್ಬ ಟೋಪಿ ತೆಗೆದು ಬಾಗಿಲಲ್ಲಿ ನಿಂತ. "ಮಹಾನಂದಾ ಅಂದ್ರ ಯಾರ್ರಿ? ಸಿಗ್ನಲ್ ಕೋರ್‌ನಿಂದ ಬಂದೀನ್ರಿ."

"ಕೇಳಿದ್ರ್ಯಾ ಸರ? ಇವರೂ ಕೋರ್ ಅಂದ್ರು!" ಎಂದು ಅವಳು ಮಗುವಿನಂತೆ ನಕ್ಕಳು.

ಸಿಪಾಯಿ ತಲೆ ತಗ್ಗಿಸಿದ. "ಅಕ್ಕಾ, ಬಾಡಿ ನಾಳೆ ಮುಂಜಾನೆ ಬರ್ತದ."

ಅವಳು ಮೊದಲು ಓದಿದ್ದರಲ್ಲಿ ತಪ್ಪಿತ್ತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ.